ಏಳನೇ ನಂಬರ್ ಟ್ಯಾಬ್

ನಮ್ಮ ಶಾಲೆಯ ಏಳನೇ ನಂಬರ್ ಟ್ಯಾಬ್‌ನ ಮೇಲೆ ಒಂದು ಗೀರಿದೆ. ಬೆರಳಿಟ್ಟರೆ ತಿಳಿಯುತ್ತದೆ. ನಡುವೆ ಒಂದು ಅರ್ಧ ಸುತ್ತು, ಅಷ್ಟೇ. ಅದು ‘ರ’ ಅಕ್ಷರದ ಅರ್ಧ. ಉಳಿದರ್ಧ ಬರೆಯುವಷ್ಟರಲ್ಲಿ ನಾನು ಕೂಗಿದ್ದೆ.

ನಾನು ವಿಜಯನಗರ ಜಿಲ್ಲೆ ಹರಪನಹಳ್ಳಿ ತಾಲ್ಲೂಕಿನ ಒಂದು ತಾಂಡಾ ಶಾಲೆಯಲ್ಲಿ ನಲಿಕಲಿ ಟೀಚರ್. ಒಂದು, ಎರಡು, ಮೂರನೇ ತರಗತಿಯ 26 ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಮಕ್ಕಳ ಮನೆಮಾತು ಲಂಬಾಣಿ. ಒಂದನೇ ತರಗತಿಗೆ ಬರುವ ಮಗುವಿಗೆ ನನ್ನ ಕನ್ನಡ ಅರ್ಧಂಬರ್ಧ ಅರ್ಥವಾಗುತ್ತದೆ. ನನಗೆ ಅವರ ಮಾತಿನಲ್ಲಿ ಯಾಡಿ ಅಂದರೆ ಅಮ್ಮ, ಪಾಣಿ ಅಂದರೆ ನೀರು, ಬಾಟಿ ಅಂದರೆ ರೊಟ್ಟಿ, ಇಂಥ ನಾಲ್ಕಾರು ಪದ ಬಿಟ್ಟರೆ ಹೆಚ್ಚು ಬರುವುದಿಲ್ಲ. ಇಷ್ಟು ವರ್ಷ ಇಲ್ಲೇ ಇದ್ದೂ ಕಲಿಯಲಿಲ್ಲವಲ್ಲ ಅನ್ನುವ ಬೇಸರ ನನಗಿದೆ.

ನಲಿಕಲಿ ಅಂದರೆ ಸಣ್ಣ ತರಗತಿಯ ಮಕ್ಕಳು ನಲಿಯುತ್ತಾ ಕಲಿಯುವ ಪದ್ಧತಿ, 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಶುರುವಾಗಿದ್ದು. ಗೋಡೆಯ ಮೇಲೆ ಕಲಿಕಾ ಏಣಿ, ಕೈಯಲ್ಲಿ ಕಾರ್ಡು, ಮೇಲೆ ದಾರಕ್ಕೆ ಕಟ್ಟಿದ ಮಕ್ಕಳ ಚಿತ್ರಗಳ ಚಪ್ಪರ. ಮಗು ತನ್ನ ವೇಗದಲ್ಲಿ ಏಣಿ ಹತ್ತುತ್ತದೆ. ನಾಲ್ಕು ತಿಂಗಳು ಶಾಲೆ ಬಿಟ್ಟು ಬಂದರೂ ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಶುರು. ನಮ್ಮ ತಾಂಡಾದಂಥ ಊರಿಗೆ ಇದು ದೊಡ್ಡ ಉಪಕಾರ, ಯಾಕಂದರೆ ಇಲ್ಲಿ ಅರ್ಧ ಮನೆಗಳು ಸುಗ್ಗಿಯ ಹೊತ್ತಿಗೆ ಬೀಗ ಹಾಕಿಕೊಂಡು ಹೋಗುತ್ತವೆ. ಕೆಲವರು ಮಂಡ್ಯದ ಕಡೆ ಕಬ್ಬು ಕಡಿಯೋಕೆ, ಕೆಲವರು ಚಿಕ್ಕಮಗಳೂರಿನ ಕಾಫಿ ತೋಟಕ್ಕೆ. ಮಕ್ಕಳೂ ಜೊತೆಗೆ.

ಇನ್ನೊಂದು ವಿಷಯ ಹೇಳಬೇಕು. ನಲಿಕಲಿಯಲ್ಲಿ ಅ, ಆ, ಇ, ಈ ಅಂತ ಶುರುಮಾಡುವುದಿಲ್ಲ. ರ, ಗ, ಸ, ದ, ಅ. ಈ ಐದು ಅಕ್ಷರ ಬಂದರೆ ಸಾಕು, ಸರ, ದರ, ಅಗಸ, ಅರಸ, ಗರಗಸ ಎಲ್ಲ ಓದಬಹುದು. ಮೊದಲ ವಾರಗಳಲ್ಲೇ ಒಂದು ಪೂರ್ತಿ ಪದ ಓದಿದ ಮಗುವಿನ ಮುಖ ನೋಡಬೇಕು ನೀವು.

ಹೋದ ಡಿಸೆಂಬರ್‌ನಲ್ಲಿ ನಮ್ಮ ಶಾಲೆಗೆ ದಾನಿಗಳಿಂದ 10 ಟ್ಯಾಬ್ ಬಂದವು. ಒಬ್ಬ ಹುಡುಗ ಬಂದು ಒಂದು ಗಂಟೆ ಹೇಳಿಕೊಟ್ಟು, ಫೋಟೋ ತೆಗೆದುಕೊಂಡು ಹೋದ. ಹೆಡ್‌ಮಾಸ್ಟ್ರು ಪ್ರತಿಯೊಂದಕ್ಕೂ ಹಿಂದೆ ನಂಬರ್ ಚೀಟಿ ಅಂಟಿಸಿ ದಾಸ್ತಾನು ಪುಸ್ತಕದಲ್ಲಿ ಬರೆದರು. “ಮೇಡಂ, ಹುಷಾರ್ರಿ. ಒಂದು ಹೋದ್ರೂ ನಾವೇ ಉತ್ತರ ಕೊಡ್ಬೇಕಾಗ್ತದ,” ಅಂದರು. ಅವರದ್ದೇನೂ ತಪ್ಪಿಲ್ಲ. ಆದರೆ ಆ ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆರು ವಾರ ಟ್ಯಾಬ್‌ಗಳು ಬೀರುವಿನಲ್ಲೇ ಇದ್ದವು. ವಾರಕ್ಕೊಮ್ಮೆ ತೆಗೆದು, ಬಾಗಿಲ ಹತ್ತಿರ ಇರುವ ಒಂದೇ ಪ್ಲಗ್‌ಗೆ ಸರದಿಯಲ್ಲಿ ಚಾರ್ಜ್‌ಗೆ ಹಾಕಿ, ಒರೆಸಿ ಮತ್ತೆ ಒಳಗಿಡುತ್ತಿದ್ದೆ.

ಒಂದನ್ನು ಅನುಮತಿ ಪಡೆದು ಮನೆಗೆ ತಂದೆ. ಪಿಯುಸಿ ಓದುವ ನನ್ನ ಮಗಳು ರಾತ್ರಿ ಪಕ್ಕದಲ್ಲಿ ಕೂತು ಕಲಿಸಿದಳು. ನನ್ನ ಬೆರಳು ಸುಮ್ನೆ ಮುಟ್ಟುತ್ತಿರಲಿಲ್ಲ, ಒತ್ತುತ್ತಿತ್ತು. “ಅಮ್ಮಾ, ಒತ್ತಬೇಡ, ಮುಟ್ಟು,” ಅಂತ ಅವಳು ಎಷ್ಟು ಸಲ ಹೇಳಿದಳೋ. ಆ ಐದು ದಿನದಲ್ಲಿ ಅಕ್ಷರ ತಿದ್ದುವ ಒಂದು ಆ್ಯಪ್ ನೋಡಿಕೊಂಡೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಿಂದ ಕನ್ನಡದ ಚಿತ್ರಕಥೆಗಳನ್ನು ಮನೆಯಲ್ಲೇ ಇಳಿಸಿಕೊಂಡೆ. ಅಲ್ಲಿ ಕಥೆಗಳು ಉಚಿತ, ಒಮ್ಮೆ ಇಳಿಸಿಕೊಂಡರೆ ನೆಟ್ ಬೇಕಿಲ್ಲ. ತಾಂಡಾದಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಅರಳಿಮರದ ಕಟ್ಟೆ ಹತ್ತಿರ ಹೋಗಬೇಕು.

ಜನವರಿ ಕೊನೆಯ ವಾರ. ಹಾಲು ಕುಡಿದಾದ ಮೇಲೆ ಟ್ಯಾಬ್ ಹಂಚಿದೆ. ಮೂವರಿಗೆ ಒಂದು ಲೆಕ್ಕದಲ್ಲಿ ಒಂಬತ್ತು. ಹತ್ತನೆಯದು ನನ್ನ ಕೈಯಲ್ಲಿ.

ಏನೂ ಕೆಲಸ ಮಾಡಲಿಲ್ಲ. “ಟೀಚರ್, ನಂದು ಬರವಲ್ದು!” ಅಂತ ನಾಲ್ಕೂ ಕಡೆಯಿಂದ ಕೂಗು. ಹೋಗಿ ನೋಡಿದರೆ ಮಕ್ಕಳ ಬೆರಳು ಒದ್ದೆ. ಲೋಟ ತೊಳೆದು ಹಾಗೇ ಬಂದಿದ್ದರು. ಕೈ ಒರೆಸಿಸಿದೆ. ಇನ್ನು ಕೆಲವರು ಉಗುರಿನಿಂದ ಕೆರೆಯುತ್ತಿದ್ದರು. ಬಳಪ ಹಿಡಿದು ಒತ್ತಿ ಬರೆದ ಕೈ ಅಲ್ವಾ, ಅದಕ್ಕೆ ಒತ್ತಿದಷ್ಟೂ ಅಕ್ಷರ ಚೆನ್ನಾಗಿ ಮೂಡುತ್ತದೆ ಅಂತ ಗೊತ್ತು. ಈ ಗಾಜು ಹಾಗಲ್ಲ. ಅದಕ್ಕೆ ಚರ್ಮ ತಾಕಬೇಕು, ಉಗುರು ತಾಕಿದರೆ ಅದಕ್ಕೆ ತಿಳಿಯುವುದೇ ಇಲ್ಲ. ನಾನು ಕೋಣೆಯ ನಡುವೆ ನಿಂತು ಗಟ್ಟಿಯಾಗಿ ಹೇಳಿದೆ: “ಒತ್ತಬೇಡ್ರಿ, ಮುಟ್ರಿ. ಇದೂ ಒಂದು ಸ್ಲೇಟೇ. ಹೆದರಬೇಡ್ರಿ, ಬರೀರಿ.”

ಸ್ವಲ್ಪ ಹೊತ್ತಿಗೆ ಶಬ್ದ ಬದಲಾಯಿತು. ಟಿಂಗ್ ಟಿಂಗ್ ಅಂತ ಆ್ಯಪ್‌ನ ನಕ್ಷತ್ರ ಬೀಳತೊಡಗಿದವು. ನನಗೆ ಖುಷಿಯೋ ಖುಷಿ.

ಮೂಲೆಯಲ್ಲಿ ಏಳನೇ ನಂಬರ್ ಇತ್ತು. ಅಲ್ಲಿ ಒಂದನೇ ತರಗತಿಯ ಇಬ್ಬರು ಹುಡುಗರು, ಜೊತೆಗೆ ಎರಡನೇ ತರಗತಿಯ ಒಬ್ಬಳು ಹುಡುಗಿ. ಅವಳನ್ನು ಇಲ್ಲಿ ಪುಟ್ಟಿ ಅಂತ ಕರೆಯುತ್ತೇನೆ. ಹಿಂದಿನ ವಾರವಷ್ಟೇ ಅಪ್ಪ ಅಮ್ಮನ ಜೊತೆ ಮಂಡ್ಯದಿಂದ ವಾಪಸ್ ಬಂದಿದ್ದಳು. ಬಂದಾಗಿನಿಂದ ಕ್ಲಾಸಿನಲ್ಲಿ ಒಂದು ಮಾತೂ ಆಡಿರಲಿಲ್ಲ. ಹಾಜರಿ ಕರೆದರೂ ಕೈ ಎತ್ತುವಳು, ಅಷ್ಟೇ. ಮೂರು ತಿಂಗಳಲ್ಲಿ ಎಲ್ಲ ಮರೆತಿದ್ದಾಳೆ, ಮತ್ತೆ ಮೊದಲಿನಿಂದ ಶುರುಮಾಡಬೇಕು ಅಂತ ನಾನು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದೆ.

ತಿರುಗಿ ನೋಡುತ್ತೇನೆ, ಪುಟ್ಟಿಯ ಕೈಯಲ್ಲಿ ಬಳಪ. ಟ್ಯಾಬ್ ಮೇಲೆ ಒತ್ತಿ ಬರೆಯುತ್ತಿದ್ದಾಳೆ. ಕರ್ ಅಂತ ಸದ್ದು.

“ಏಯ್!” ಅಂತ ಕಿರುಚಿದೆ. ಓಡಿಹೋಗಿ ಟ್ಯಾಬ್ ಕಿತ್ತುಕೊಂಡೆ. ಏನೇನು ಬೈದೆನೋ ಪೂರ್ತಿ ನೆನಪಿಲ್ಲ. ಇಡೀ ಕೋಣೆ ತಣ್ಣಗಾಯಿತು. ಪುಟ್ಟಿ ಬಳಪವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಗೋಡೆಗೆ ಒರಗಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಏಳನೇ ನಂಬರ್ ನನ್ನ ಮೇಜಿನ ಮೇಲೆ ಹೋಯಿತು. ಪಾಠ ಮುಂದುವರಿಸಿದೆ. ಮನಸ್ಸು ಮಾತ್ರ ದಾಸ್ತಾನು ಪುಸ್ತಕದ ಹತ್ತಿರವೇ ಇತ್ತು.

ನಡುವೆ ಇನ್ನೊಂದು ಕಣ್ಣಿಗೆ ಬಿತ್ತು. ಒಬ್ಬ ಹುಡುಗ ‘ರ’ ತಿದ್ದಿ ತಿದ್ದಿ ಎಂಟು ನಕ್ಷತ್ರ ಗಳಿಸಿದ್ದ. ಅವನ ಬೆರಳು ನೋಡಿದೆ. ಕೊನೆಗೆ ಹಾಕಬೇಕಾದ ತಲೆಕಟ್ಟನ್ನು ಮೊದಲು ಎಳೆಯುತ್ತಿದ್ದ, ಆಮೇಲೆ ಸುತ್ತನ್ನು ಉಲ್ಟಾ ತಿರುಗಿಸುತ್ತಿದ್ದ. ಗೆರೆಯ ಒಳಗೆ ಬಣ್ಣ ತುಂಬಿದರೆ ಸಾಕು, ಆ್ಯಪ್ ಶಭಾಷ್ ಅನ್ನುತ್ತಿತ್ತು. ಸ್ಲೇಟು ಕೊಟ್ಟು ಬರೆಸಿದೆ. ಅಕ್ಷರ ಒಂದು ಕಡೆ ವಾಲಿಕೊಂಡು ಬಿತ್ತು. ಅವನ ಕೈ ಹಿಡಿದು ನಾಲ್ಕು ಸಲ ತಿದ್ದಿಸಿದೆ, ಸರಿಹೋಯಿತು. ಬೆರಳು ಎಲ್ಲಿಂದ ಹೊರಟಿತು, ಎತ್ತ ತಿರುಗಿತು ಅಂತ ಪಕ್ಕದಲ್ಲಿ ಕೂತ ಮನುಷ್ಯರೇ ನೋಡಬೇಕು. ಅವತ್ತಿನಿಂದ ನಮ್ಮ ಕೋಣೆಯಲ್ಲಿ ಅಕ್ಷರ ತಿದ್ದುವುದಕ್ಕೆ ಸ್ಲೇಟು, ಮರಳು ತಟ್ಟೆ. ಟ್ಯಾಬ್ ಅದಕ್ಕಲ್ಲ.

ಬಿಸಿಯೂಟದ ಹೊತ್ತಿಗೆ ಏಳನೇ ನಂಬರ್ ಕೈಗೆ ತಗೊಂಡೆ. ಒದ್ದೆ ಬಟ್ಟೆಯಲ್ಲಿ ಬಳಪದ ಪುಡಿ ಒರೆಸಿದೆ. ಗೀರು ಬಿದ್ದಿದ್ದು ಮೇಲೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಗೆ. ಕೆಳಗಿನ ಗಾಜಿಗೆ ಏನೂ ಆಗಿರಲಿಲ್ಲ. ಉಸಿರು ಬಂತು. ಎಲ್ಲ ಸರಿಯಿದೆಯಾ ಅಂತ ಒಂದೊಂದೇ ತೆರೆದು ನೋಡುವಾಗ ಒಂದು ವಿಡಿಯೋ ಸಿಕ್ಕಿತು. ನಾಲ್ಕು ನಿಮಿಷದ್ದು, ಅವತ್ತಿನದೇ. ಪೂರ್ತಿ ಕಪ್ಪು.

ಯಾವುದೋ ಬೆರಳು ತಾಕಿ ಕ್ಯಾಮೆರಾ ಚಾಲೂ ಆಗಿತ್ತು. ಟ್ಯಾಬ್ ನೆಲದ ಮೇಲಿತ್ತು. ಕ್ಯಾಮೆರಾದ ಕಣ್ಣು ಕೆಳಗೆ, ನೆಲಕ್ಕೆ ಅಂಟಿಕೊಂಡಿತ್ತು. ಹಾಗಾಗಿ ಮೇಲೆ ಏನೂ ಕಾಣದೆ ಬರೀ ಕಪ್ಪು. ಮಕ್ಕಳ ಮುಂದೆ ಇದ್ದಿದ್ದು ಒಂದು ಕಪ್ಪು ಹಲಗೆ. “ಇದೂ ಒಂದು ಸ್ಲೇಟೇ” ಅಂತ ಟೀಚರ್ ಹೇಳಿದ್ದಾರೆ. ಹತ್ತಿರದಲ್ಲಿ ಬಳಪ ಇದೆ. ಆ ಮಗು ಇನ್ನೇನು ಮಾಡಬೇಕಿತ್ತು?

ಚಿತ್ರ ಇರಲಿಲ್ಲ, ದನಿ ಇತ್ತು. ಒಂದು ಹುಡುಗಿ ಲಂಬಾಣಿಯಲ್ಲಿ ಮಾತಾಡುತ್ತಿದ್ದಾಳೆ. ನಿಧಾನವಾಗಿ, ಒತ್ತಿ ಒತ್ತಿ, ನಡುವೆ ಒಂದು ಸಲ ನಗುತ್ತಾ. ಯಾರ ದನಿ ಅಂತ ಗೊತ್ತಾಗೋಕೆ ನನಗೆ ಹೊತ್ತು ಹಿಡಿಯಿತು, ಯಾಕಂದರೆ ಬಂದಾಗಿನಿಂದ ನಾನು ಆ ದನಿ ಕೇಳಿಯೇ ಇರಲಿಲ್ಲ. ಅದು ಪುಟ್ಟಿ.

ಐದನೇ ತರಗತಿಯ ಒಬ್ಬ ಹುಡುಗಿ ತಟ್ಟೆ ತೊಳೆದುಕೊಂಡು ಹೋಗುತ್ತಿದ್ದಳು. ಕರೆದು ಕೇಳಿಸಿದೆ. “ಏನಂತಾಳವ್ವ ಇವಳು?”

ಅವಳು ಕಿವಿ ಹತ್ತಿರ ತಂದು ಕೇಳಿದಳು. “ಸಣ್ಣ ಹುಡುಗ್ರಿಗೆ ಹೇಳ್ಕೊಡ್ತಾಳ್ರಿ ಟೀಚರ್. ಇದು ಹೊಸಾ ಸ್ಲೇಟು, ಕಟ್ಟಿಗಿ ಚೌಕಟ್ಟಿಲ್ಲ, ಉಗುಳು ಹಚ್ಚಿ ಒರಸಬಾರ್ದು ಅಂತಾಳ. ಮೊದ್ಲು ರ ಬರೀಬೇಕು. ಹಿಂಗ ಸುತ್ತಬೇಕು, ಆಮ್ಯಾಲ ತಲಿಮ್ಯಾಲ ಟೊಪ್ಪಿಗಿ ಹಾಕ್ಬೇಕು ಅಂತಾಳ. ನಾ ಬರೀತೀನಿ, ನೀ ನೋಡು ಅಂತಾಳ.”

ಆಮೇಲೆ ಕರ್ ಅನ್ನುವ ಸದ್ದು. ಆಮೇಲೆ ನನ್ನ ಕೂಗು. ಆಮೇಲೆ ಒಂದೆರಡು ಬಡಿತ, ಬಟ್ಟೆಯ ಸರಪರ, ಮುಗಿಯಿತು.

ನನ್ನ ಕೂಗನ್ನು ನಾನೇ ಹೊರಗಿನಿಂದ ಕೇಳಿದ್ದು ಅದೇ ಮೊದಲು. ಅದನ್ನು ಬರೆಯೋಕೆ ನನಗೆ ಈಗಲೂ ಕಷ್ಟವಾಗುತ್ತದೆ.

ನಲಿಕಲಿ ತರಬೇತಿಯಲ್ಲಿ ಸಹಪಾಠಿ ಬೆಂಬಲದ ಗುಂಪು ಅಂತ ನಮಗೆ ಎಷ್ಟು ಸಲ ಹೇಳಿದ್ದಾರೆ. ಗೊತ್ತಿರುವ ಮಗು ಗೊತ್ತಿಲ್ಲದ ಮಗುವಿಗೆ ಹೇಳಿಕೊಡಬೇಕು. ಪುಟ್ಟಿ ಅದನ್ನೇ ಮಾಡುತ್ತಿದ್ದಳು, ತಪ್ಪಿಲ್ಲದೆ, ನನಗಿಂತ ಚೆನ್ನಾಗಿ ತಿಳಿಯುವ ಮಾತಿನಲ್ಲಿ. ತಲೆಕಟ್ಟಿಗೆ ಟೊಪ್ಪಿಗೆ ಅನ್ನುವ ಪದ ನನಗೆ ಹೊಳೆದೇ ಇರಲಿಲ್ಲ.

ಊಟ ಮುಗಿದ ಮೇಲೆ ಅವಳ ಪಕ್ಕ ನೆಲದ ಮೇಲೆ ಕೂತೆ. “ಬೈದಿದ್ದು ತಪ್ಪಾಯ್ತು ಪುಟ್ಟಿ,” ಅಂದೆ. ಅರ್ಥವಾಯಿತೋ ಇಲ್ಲವೋ. ಏಳನೇ ನಂಬರ್ ಅವಳ ತೊಡೆ ಮೇಲಿಟ್ಟು ಅವಳ ದನಿಯನ್ನೇ ಕೇಳಿಸಿದೆ. ಮೊದಲು ಹಿಂದೆ ಸರಿದಳು. ಆಮೇಲೆ ಬಗ್ಗಿ ಕಿವಿ ಇಟ್ಟಳು. ತಾನು ನಕ್ಕ ಜಾಗ ಬಂದಾಗ ಮತ್ತೆ ಅಲ್ಲೇ ನಕ್ಕಳು. ನನ್ನ ಕೂಗು ಬರುವ ಮೊದಲೇ ನಿಲ್ಲಿಸಿದೆ.

ಕ್ಯಾಮೆರಾ ತೋರಿಸಿ, ಯಾವುದು ಬೇಕೋ ಅದನ್ನು ಹಿಡಿ, ಹೆಸರು ಹೇಳು ಅಂದೆ. ಅವಳು ಬಾಗಿಲಾಚೆ ಇದ್ದ ನೀರಿನ ಕೊಡ ಹಿಡಿದಳು. ಗುಂಡಿ ಒತ್ತಲಿಲ್ಲ, ಮುಟ್ಟಿದಳು. “ಪಾಣಿ,” ಅಂದಳು. ಸ್ವಲ್ಪ ತಡೆದು, “ನೀರು,” ಅಂದಳು. ಹಿಂದೆ ಬಿಸಿಯೂಟದ ಅಕ್ಕಂದಿರು ಪಾತ್ರೆ ತಿಕ್ಕುವ ಸದ್ದೂ ಅದರಲ್ಲಿ ಸೇರಿಕೊಂಡಿದೆ. ಉಳಿದ ಮಕ್ಕಳು ಮುತ್ತಿಕೊಂಡರು. ನಾಲ್ಕು ಗಂಟೆಯ ಹೊತ್ತಿಗೆ ಚಪ್ಪಲಿ, ಕೋಳಿ, ಕೊಡಪಾನ, ಹೆಡ್‌ಮಾಸ್ಟ್ರ ಬೈಕು ಎಲ್ಲಕ್ಕೂ ಎರಡೆರಡು ಹೆಸರು ಬಿದ್ದಿದ್ದವು. ಮೊದಲನೆಯ ಹೆಸರನ್ನು ಅವರು ನನಗೆ ಕಲಿಸಿದರು. ನನ್ನ ಉಚ್ಚಾರಣೆ ಸರಿ ಬರುವವರೆಗೆ ಬಿಡಲಿಲ್ಲ.

ಮಾರನೇ ದಿನ ಬೆಳಿಗ್ಗೆ ಪ್ರಾರ್ಥನೆಗೂ ಮುಂಚೆ ಪುಟ್ಟಿಯ ಅಮ್ಮ ಬಂದು ಕಟ್ಟೆ ಹತ್ತಿರ ನಿಂತಿದ್ದಳು. ಸುದ್ದಿ ತಾಂಡಾ ಪೂರ್ತಿ ಹಬ್ಬಿತ್ತು. ಸೆರಗಿನ ತುದಿಯಲ್ಲಿ ದುಡ್ಡಿನ ಗಂಟು.

“ಎಷ್ಟು ಕಟ್ಟಬೇಕಾಗ್ತದ್ರಿ ಟೀಚರ್?”

“ಏನೂ ಇಲ್ಲವ್ವ. ಮೇಲಿನ ಹಾಳೆಗೆ ಗೀರು ಬಿದ್ದಿದ್ದು ಅಷ್ಟೇ. ಬಾ, ಕೂತ್ಕೋ. ನಿನ್ನ ಮಗಳ ಮಾತು ಕೇಳು.”

ವಿಡಿಯೋ ಹಾಕಿದೆ. ಈ ಸಲ ನಿಲ್ಲಿಸಲಿಲ್ಲ. ನನ್ನ ಕೂಗೂ ಅವಳಿಗೆ ಕೇಳಲಿ ಅನ್ನಿಸಿತು. ಅವಳು ಫೋನಿನ ಹಾಗೆ ಟ್ಯಾಬನ್ನು ಕಿವಿಗೆ ಒತ್ತಿ ಹಿಡಿದು ಕೇಳಿದಳು. ಮುಗಿದ ಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

“ಅಲ್ಲಿ ಗುಡಿಸಲು ಮುಂದ ದಿನಾ ಇದನ್ನ ಮಾಡ್ತಿದ್ಲ್ರಿ,” ಅಂದಳು. “ಕಡ್ಡಿ ತಗೊಂಡು ಮಣ್ಣಾಗ ಬರಿಯೋದು. ಈ ಐದೇ ಅಕ್ಷರ. ತಮ್ಮನ್ನ ಕುಂದ್ರಿಸಿಕೊಂಡು. ಮರ್ತುಬಿಟ್ರ ಟೀಚರ್ ಮುಂದ ಹೆಂಗ ಹೋಗ್ಲಿ ಅಂತಿದ್ಲು.”

ಪ್ರಾರ್ಥನೆಯ ಗಂಟೆ ಹೊಡೆಯಿತು. ಮಕ್ಕಳು ಸಾಲು ನಿಂತರು. ಅವಳು ಮೆಟ್ಟಿಲ ಮೇಲೆ ಕೂತೇ ಇದ್ದಳು. “ಇನ್ನೊಂದು ಸಲ ಹಾಕ್ರಿ ಟೀಚರ್,” ಅಂದಳು. ಬ್ಯಾಟರಿ 9 ಪರ್ಸೆಂಟ್‌ಗೆ ಇಳಿದಿತ್ತು. ನಾನು ಒಳಗೆ ಹೋಗಿ ಚಾರ್ಜರ್ ತಂದು ಬಾಗಿಲ ಪಕ್ಕದ ಪ್ಲಗ್‌ಗೆ ಹಾಕಿದೆ. ವೈರು ಮೆಟ್ಟಿಲವರೆಗೂ ಬಂತು.