1.4 ಸೆಕೆಂಡ್ ಮುಂದೆ

11 ಮಾರ್ಚ್ 2025, ಮಂಗಳವಾರ

ಬೆಳಿಗ್ಗೆ ಲಾಗ್ ತೆರೆದರೆ ಉದ್ದಕ್ಕೂ ಒಂದೇ ಸಾಲು: ಟೈಮ್‌ಸ್ಟ್ಯಾಂಪ್ (ಕಳಿಸಿದ ಹೊತ್ತಿನ ಗುರುತು) ಎಕ್ಸ್‌ಚೇಂಜಿನ ಸರ್ವರ್ ಸಮಯಕ್ಕಿಂತ 1000 ಮಿಲಿಸೆಕೆಂಡಿಗೂ ಜಾಸ್ತಿ ಮುಂದಿದೆ. ರಾತ್ರಿಯಿಡೀ ನನ್ನ ಟ್ರೇಡಿಂಗ್ ಬಾಟ್, ಅಂದರೆ ನನ್ನ ಪರವಾಗಿ ತಾನೇ ಕೊಂಡು ಮಾರುವ ಪ್ರೋಗ್ರಾಂ, ಒಂದು ಆರ್ಡರನ್ನೂ ಹಾಕಿಲ್ಲ. ಹಾಕದಿದ್ದರೆ ಹೋಗಲಿ, ಮೊದಲೇ ಹಾಕಿದ್ದನ್ನು ಕ್ಯಾನ್ಸಲ್ ಮಾಡೋಕೂ ಆಗಿಲ್ಲ. ಬೆಲೆಗಳು ಮಾತ್ರ ಸಲೀಸಾಗಿ ಬರುತ್ತಿದ್ದವು, ಅವಕ್ಕೆ ಸಹಿ (ಕೇಳುತ್ತಿರುವುದು ನಾನೇ ಅಂತ ತೋರಿಸುವ ಡಿಜಿಟಲ್ ಗುರುತು) ಬೇಡ ಅಲ್ವಾ. ಹಾಗಾಗಿ ಪರದೆ ನೋಡಿದವರಿಗೆ ಎಲ್ಲ ಸರಿಯಿದೆ ಅಂತಲೇ ಅನ್ನಿಸುತ್ತಿತ್ತು.

ಸಹಿ ಬೇಕಾದ ಪ್ರತಿ ರಿಕ್ವೆಸ್ಟಿನಲ್ಲೂ 13 ಅಂಕಿಯ ಒಂದು ಸಂಖ್ಯೆ ಹೋಗುತ್ತದೆ. 1970ರ ಜನವರಿ 1ರಿಂದ ಎಷ್ಟು ಮಿಲಿಸೆಕೆಂಡ್ ಕಳೆಯಿತು ಅನ್ನೋ ಲೆಕ್ಕ. ಇವತ್ತಿನದು 1741ರಿಂದ ಶುರುವಾಗುತ್ತದೆ. ಇದು ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಸಮಯ) ಲೆಕ್ಕ, ಟೈಮ್ ಝೋನ್ ಬದಲಾಯಿಸಿದರೆ ಇದು ಬದಲಾಗಲ್ಲ. ಗೊತ್ತಿದ್ದೂ ಹತ್ತು ನಿಮಿಷ ಟೈಮ್ ಝೋನನ್ನೇ ಸುಮ್ನೆ ಕೆದಕಿದೆ.

ಆಮೇಲೆ ಎಲ್ಲರೂ ಮಾಡುವುದನ್ನೇ ಮಾಡಿದೆ. ರಿಕ್ವೆಸ್ಟ್ ಎಷ್ಟು ಹೊತ್ತು ಚಾಲ್ತಿಯಲ್ಲಿರಬೇಕು ಅನ್ನೋ ವಿಂಡೋವನ್ನು 5 ಸೆಕೆಂಡಿನಿಂದ 60ಕ್ಕೆ ಏರಿಸಿದೆ. ಅದೇ ಎರರ್. ಆಗ ಹೊಳೆಯಿತು: ಆ ವಿಂಡೋ ತೆರೆಯುವುದು ಹಿಂದಕ್ಕೆ ಮಾತ್ರ. ತಡವಾಗಿ ಬಂದದ್ದನ್ನು ಸಹಿಸುತ್ತದೆ, ಇನ್ನೂ ಹುಟ್ಟದ ಕ್ಷಣದಿಂದ ಬಂದದ್ದನ್ನಲ್ಲ. ಅದಲ್ಲದೆ 60 ಸೆಕೆಂಡ್ ಅಪಾಯ. ನೆಟ್‌ವರ್ಕಿನಲ್ಲಿ ಎಲ್ಲೋ ಸಿಕ್ಕಿಕೊಂಡ ಆರ್ಡರ್ 50 ಸೆಕೆಂಡ್ ಬಿಟ್ಟು ತಲುಪಿದರೂ ಅದು ಸಿಂಧು. ಅಷ್ಟರಲ್ಲಿ ಬೆಲೆ ಎಲ್ಲಿಗೆ ಹೋಗಿರುತ್ತೋ! ಹೆದರಿ 2 ಸೆಕೆಂಡಿಗೆ ಇಳಿಸಿದೆ. ಮಧ್ಯಾಹ್ನ ನನ್ನನ್ನು ಕಾಡಿದ್ದು ಇದೇ ಎರಡು ಸೆಕೆಂಡ್.

ಸರಿ, ಅಳೆದು ನೋಡೋಣ ಅಂತ ಸರ್ವರ್ ಸಮಯ ಕೇಳಿದೆ. ನನ್ನ ಗಡಿಯಾರದ ಪ್ರಕಾರ ಕಳಿಸಿದ್ದು 10.000ನೇ ಸೆಕೆಂಡಿಗೆ, ಉತ್ತರ ಸಿಕ್ಕಿದ್ದು 10.240ಕ್ಕೆ. ಸರ್ವರ್ ಹೇಳಿದ ಸಮಯ 8.720. ನಡುವಿನ ಹೊತ್ತು 10.120, ಅಂದರೆ ನಾನು 1.4 ಸೆಕೆಂಡ್ ಮುಂದಿದ್ದೇನೆ. ಹೋಗುವುದಕ್ಕೂ ಬರುವುದಕ್ಕೂ ಒಂದೇ ಹೊತ್ತು ಹಿಡಿಯುತ್ತದೆ ಅನ್ನೋ ನಂಬಿಕೆಯ ಮೇಲೆ ನಿಂತ ಲೆಕ್ಕ ಇದು. ಕಂಪ್ಯೂಟರ್ ಗಡಿಯಾರಗಳನ್ನು ನೆಟ್‌ವರ್ಕ್ ಮೂಲಕ ಸರಿಹೊಂದಿಸೋಕೆ ಡೇವಿಡ್ ಮಿಲ್ಸ್ ರೂಪಿಸಿದ ಎನ್‌ಟಿಪಿಯೂ ಇದೇ ನಂಬಿಕೆಯ ಮೇಲೆ ನಡೆಯುತ್ತದೆ. ಬಾಟ್ ಶುರುವಾಗುವಾಗ ಈ ವ್ಯತ್ಯಾಸ ಒಮ್ಮೆ ಅಳೆದು, ಪ್ರತಿ ಟೈಮ್‌ಸ್ಟ್ಯಾಂಪಿನಿಂದಲೂ 1400 ಕಳೆಯುವ ಹಾಗೆ ಬರೆದೆ. ಎರರ್ ಮಾಯ. ಕಾಫಿ ಕುಡಿದೆ.

ಆದರೆ ಗಡಿಯಾರ ಮುಂದೆ ಓಡಿದ್ದಾದರೂ ಯಾಕೆ? ಮೆಷಿನ್ನಿನಲ್ಲಿ ಎನ್‌ಟಿಪಿ ಬಳಸಿ ಗಡಿಯಾರ ತಿದ್ದುವ ಕ್ರೋನಿ ಅನ್ನೋ ಪ್ರೋಗ್ರಾಂ ಇದೆ, ಚಾಲೂ ಇದೆ. ಅದರ ಸೋರ್ಸ್ ಪಟ್ಟಿ ನೋಡಿದರೆ ಒಂದು ಟೈಮ್ ಸರ್ವರೂ ತಲುಪುತ್ತಿಲ್ಲ, ಎಲ್ಲದರ ಮುಂದೆಯೂ ಸೊನ್ನೆ. ಶನಿವಾರ ಫೈರ್‌ವಾಲ್ ಬಿಗಿ ಮಾಡಿ ರೀಸ್ಟಾರ್ಟ್ ಮಾಡಿದ್ದು ನಾನೇ. ಎನ್‌ಟಿಪಿ ಓಡಾಡುವ ಬಾಗಿಲು, ಯುಡಿಪಿ ಪೋರ್ಟ್ 123ನ್ನೂ ಮುಚ್ಚಿಬಿಟ್ಟಿದ್ದೆ! ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಮೂರು ದಿನದಲ್ಲಿ 1.4 ಸೆಕೆಂಡ್ ಅಂದರೆ ದಿನಕ್ಕೆ ಹೆಚ್ಚುಕಡಿಮೆ ಅರ್ಧ ಸೆಕೆಂಡ್. ಕ್ವಾರ್ಟ್ಜ್ ಹರಳಿಗೆ ಇದೇನೂ ಕೆಟ್ಟದ್ದಲ್ಲ. ಹತ್ತು ಲಕ್ಷಕ್ಕೆ 20 ಭಾಗ ತಪ್ಪಿದರೂ ದಿನಕ್ಕೆ 1.7 ಸೆಕೆಂಡ್ ಆಗುತ್ತದೆ.

123 ತೆರೆದೆ. ಕೆಲವೇ ಕ್ಷಣದಲ್ಲಿ ಗಡಿಯಾರ ಜಾಗಕ್ಕೆ ಬಂತು. ನನ್ನ ಕ್ರೋನಿ ಸೆಟ್ಟಿಂಗಿನಲ್ಲಿ, ಮೊದಲ ಮೂರು ಅಪ್‌ಡೇಟಿನೊಳಗೆ ವ್ಯತ್ಯಾಸ 1 ಸೆಕೆಂಡ್ ಮೀರಿದ್ದರೆ ನಿಧಾನವಾಗಿ ಎಳೆಯದೆ ಒಂದೇ ಸಲಕ್ಕೆ ಜಿಗಿಸು ಅಂತ ಇದೆ.

ಮಧ್ಯಾಹ್ನ ಮೂರಕ್ಕೆ ಹೊಸ ಎರರ್ ಶುರು. ಈ ಸಲ ರಿಕ್ವೆಸ್ಟ್ ಹಳೆಯದಾಯಿತಂತೆ! ಅದೂ ಪ್ರತಿ ಸಲ ಅಲ್ಲ, ಆಗೊಮ್ಮೆ ಈಗೊಮ್ಮೆ. ಇಂಥದ್ದೇ ಪ್ರಾಣ ತಿನ್ನೋದು. ಗಡಿಯಾರ ಸರಿಹೋಗಿದೆ, ಬಾಟ್ ಮಾತ್ರ ಬೆಳಿಗ್ಗೆ ಅಳೆದ 1400ನ್ನು ಇನ್ನೂ ಕಳೆಯುತ್ತಲೇ ಇದೆ. ಮೇಲೆ ನೆಟ್‌ವರ್ಕಿನ 120 ಸೇರಿಸಿ, 1520. ಎರಡು ಸೆಕೆಂಡಿನ ವಿಂಡೋದಲ್ಲಿ ಹೇಗೋ ನುಸುಳುತ್ತದೆ. ಆದರೆ ಆರ್ಡರ್‌ಗಳು ಒಟ್ಟಿಗೆ ಬಂದಾಗ ರೇಟ್ ಲಿಮಿಟ್‌ಗೆಂದು (ಇಷ್ಟು ಹೊತ್ತಿಗೆ ಇಷ್ಟೇ ರಿಕ್ವೆಸ್ಟ್ ಅನ್ನೋ ಮಿತಿ) ನಾನು ಕಟ್ಟಿದ ಕ್ಯೂನಲ್ಲಿ ಅರ್ಧ ಸೆಕೆಂಡ್ ಕಾಯುತ್ತವೆ. ಟೈಮ್‌ಸ್ಟ್ಯಾಂಪ್ ಬೀಳುತ್ತಿದ್ದದ್ದು ಕ್ಯೂಗೆ ಸೇರುವ ಮೊದಲು. ಅಲ್ಲಿಗೆ ಎರಡು ದಾಟಿತು.

1400ರ ಸಾಲನ್ನು ಕಿತ್ತು ಹಾಕಿದೆ. ಟೈಮ್‌ಸ್ಟ್ಯಾಂಪ್, ಸಹಿ ಎರಡನ್ನೂ ಕ್ಯೂ ದಾಟಿದ ಮೇಲೆ, ಕಳಿಸುವ ಹೊತ್ತಿಗೇ ಹಾಕುವಂತೆ ಮಾಡಿದೆ. ರೀಟ್ರೈ ಆದರೆ ಎರಡೂ ಹೊಸದು. ಸರ್ವರ್ ಜೊತೆ ವ್ಯತ್ಯಾಸ ಈಗಲೂ ನಿಮಿಷಕ್ಕೊಮ್ಮೆ ಅಳೆಯುತ್ತೇನೆ, ತಿದ್ದೋಕಲ್ಲ. 500 ಮಿಲಿಸೆಕೆಂಡ್ ಮೀರಿದರೆ ಬಾಟ್ ಹೊಸ ಆರ್ಡರ್ ನಿಲ್ಲಿಸಿ ನನಗೆ ಮೆಸೇಜ್ ಕಳಿಸುತ್ತದೆ.

ಸಂಜೆ ಫೈರ್‌ವಾಲ್ ಫೈಲಿನಲ್ಲಿ 123ರ ಪಕ್ಕ ಒಂದು ಕಾಮೆಂಟ್ ಬರೆದಿಟ್ಟೆ: ‘ಮಾರಾಯ, ಇದನ್ನು ಮುಚ್ಚಬೇಡ.’