ಬ್ಯಾಂಡಿನ ಮಕ್ಕಳಿಗೆ ಸಿನಿಮಾ ಹಾಡನ್ನೇಕೆ ಕಲಿಸುವುದಿಲ್ಲ?

ಕಾರವಾರದ ಶಾಲೆಯೊಂದರಲ್ಲಿ ಬ್ಯಾಂಡ್ ಕಲಿಸುವ ನನಗೆ, ಸ್ವಾತಂತ್ರ್ಯ ದಿನದ ತಾಲೀಮು ಶುರುವಾಗುತ್ತಿದ್ದಂತೆ ಪಾಲಕರು ಕೇಳುವ ಪ್ರಶ್ನೆ ಒಂದೇ: 'ಸರ್, ಮಕ್ಕಳಿಗೆ ಇಷ್ಟವಾದ ಸಿನಿಮಾ ಹಾಡನ್ನೇ ಕಲಿಸಿದರೆ ಅವರಿಗೂ ಹುರುಪು ಬರುವುದಿಲ್ಲವೇ?' ಸಿನಿಮಾ ಹಾಡಿನ ಮೇಲೆ ನನಗೆ ಸಿಟ್ಟೇನೂ ಇಲ್ಲ. ಆದರೆ ಕಿವಿಗೆ ಹಿತವಾದದ್ದೆಲ್ಲ ವಾದ್ಯಕ್ಕೆ ಒಗ್ಗುವುದಿಲ್ಲ.

ತುತ್ತೂರಿಯಂಥ ಬ್ಯೂಗಲನ್ನೇ ನೋಡಿ. ಅದಕ್ಕೆ ಬೆರಳಿನಿಂದ ಒತ್ತುವ ವಾಲ್ವ್‌ಗಳಿಲ್ಲ, ತುಟಿಯ ಬಿಗಿಯಿಂದಲೇ ಸ್ವರ ಬದಲಿಸಬೇಕು. ಹೊಸಬರಿಗೆ ಅದರಲ್ಲಿ ಸಿಗುವುದು ಷಡ್ಜ, ಗಾಂಧಾರ, ಪಂಚಮಗಳು (ಸ, ಗ, ಪ) ಮಾತ್ರ. ಒಮ್ಮೆ ಒತ್ತಾಯಕ್ಕೆ ಮಣಿದು ನಾನೂ ಒಂದು ಸಿನಿಮಾ ಹಾಡು ಕಲಿಸಿದ್ದೆ. ಕ್ಲಾರಿನೆಟ್ಟಿನ ಇಬ್ಬರು ಹುಡುಗಿಯರು ಚೆಂದವಾಗಿ ನುಡಿಸಿದರು, ಬ್ಯೂಗಲ್‌ನವರು ಸುಮ್ಮನೆ ನಿಂತರು, ದೊಡ್ಡ ಡ್ರಮ್ಮಿನ ಹುಡುಗನಂತೂ ಒಂದೇ ಪೆಟ್ಟು ಹೊಡೆದು ಹೊಡೆದು ಬೇಸತ್ತು, ಕೋಲನ್ನು ಕಂಕುಳಲ್ಲಿಟ್ಟುಕೊಂಡು ಸಮುದ್ರದ ಕಡೆ ನೋಡುತ್ತಿದ್ದ. ಅಂದಿನಿಂದ ಯಾವ ಕೃತಿ ಕೈಗೆ ಬಂದರೂ ಹಿಂದಿನ ಸಾಲಿನವನಿಗೆ ಅದರಲ್ಲಿ ಏನಿದೆ ಎಂದು ಮೊದಲು ನೋಡುತ್ತೇನೆ.

ರಾಷ್ಟ್ರಗೀತೆ ಹೇಗೂ ಇದ್ದೇ ಇದೆ. 52 ಸೆಕೆಂಡಿನ ಆ ನಿಧಾನ ಗತಿಯಲ್ಲಿ ಉಸಿರು ಕಾಯ್ದುಕೊಳ್ಳುವುದೇ ಒಂದು ಪಾಠ. ಅದರ ಜೊತೆಗೆ ನಾನು ಆರಿಸುವುದು ಕರ್ನಾಟಕ ಸಂಗೀತದ ವಾಗ್ಗೇಯಕಾರ ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳನ್ನು. ಪಾಶ್ಚಾತ್ಯ ಮಟ್ಟುಗಳಿಗೆ ಅವರು ಸಂಸ್ಕೃತ ಸಾಹಿತ್ಯ ಹೊಂದಿಸಿದ ಈ ಪುಟ್ಟ ರಚನೆಗಳಲ್ಲಿ ಸ್ವರವನ್ನು ತೂಗಿ ಬಳುಕಿಸುವ ಗಮಕದ ತೊಡಕಿಲ್ಲ. ಶಂಕರಾಭರಣ ರಾಗದ ಸ್ವರಗಳು ನೇರವಾಗಿ ನಿಲ್ಲುವುದರಿಂದ ಟ್ರಂಪೆಟ್ಟಿಗೂ ಕ್ಲಾರಿನೆಟ್ಟಿಗೂ ಸಲೀಸು, ಶ್ರುತಿ ಕೂಡಿದರೆ ಬ್ಯೂಗಲ್‌ನವರೂ ಷಡ್ಜ, ಪಂಚಮ ಹಿಡಿದು ಜೊತೆಗೂಡಬಹುದು. ಬ್ರಿಟಿಷರ ರಾಷ್ಟ್ರಗೀತೆಯ ಮಟ್ಟಿನಲ್ಲಿರುವ 'ಸಂತತಂ ಪಾಹಿಮಾಂ' ಮಾತ್ರ ಮೂರು ಪೆಟ್ಟಿನದು. ಹೆಜ್ಜೆ ಹಾಕಲು ಬರುವುದಿಲ್ಲ, ನಿಂತೇ ನುಡಿಸಬೇಕು.

ಆದರೆ ಡ್ರಮ್ಮಿನವರಿಗೆ ಇಷ್ಟು ಸಾಲದು. ಹಾಗಾಗಿ ಕಳೆದ ವರ್ಷ ನಮ್ಮ ಕಡೆಯ ಹಾಲಕ್ಕಿ ಸಮುದಾಯದವರು ಸುಗ್ಗಿ ಕುಣಿತದಲ್ಲಿ ಬಾರಿಸುವ ಚರ್ಮವಾದ್ಯ ಗುಮಟೆಯ ಪೆಟ್ಟನ್ನು ದೊಡ್ಡ ಡ್ರಮ್ಮಿಗೆ ಇಳಿಸಲು ಹೊರಟೆ. ನಾನು ಬಾರಿಸಿ ತೋರಿಸಿದ್ದನ್ನು ಕೇಳಿ, ಅಂಕೋಲೆಯ ಕಡೆಯ ಹಾಲಕ್ಕಿ ಹುಡುಗನೊಬ್ಬ ಅಳುಕುತ್ತಲೇ ಹೇಳಿದ: 'ಸರ್, ಗುಮಟೆಯ ಹಿಂದಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ ತೆಗೆಯುತ್ತಾರಲ್ಲ, ಆ ಸದ್ದೇ ಇದರಲ್ಲಿಲ್ಲ.' ಮಣ್ಣಿನ ಗುಮಟೆಗೆ ಚರ್ಮ ಬಿಗಿದಿರುವುದು ಒಂದೇ ಕಡೆ, ಡ್ರಮ್ಮಿಗೆ ಎರಡೂ ಕಡೆ ಎಂದು ನಾನು ವಿವರಿಸುವಷ್ಟರಲ್ಲಿ, ಅವನು ಡ್ರಮ್ಮಿನ ಆಚೆ ಬದಿಗೆ ಎಡಗೈ ಒತ್ತಿ ಹಿಡಿದು, ಬಲಗೈಯಿಂದ ಹೊಡೆದು, ಕೈ ತೆಗೆದು ಇನ್ನೊಮ್ಮೆ ಹೊಡೆದು ತೋರಿಸಿದ. ಈಗ ನಮ್ಮ ಬ್ಯಾಂಡಿನಲ್ಲಿ ಆ ಪೆಟ್ಟನ್ನು ಕಲಿಸುವವನು ಅವನೇ.