ಸೋಯಾಬೀನ್ ಕಾಯುವುದಿಲ್ಲ, ಗೋವಿನಜೋಳ ಕಾಯುತ್ತದೆ

ಹಸ್ತ ಮಳೆ ಇನ್ನೂ ಮುಗಿದಿಲ್ಲ, ಸೋಯಾಬೀನ್ ಆಗಲೇ ಎಲೆ ಉದುರಿಸಿ ನಿಂತಿದೆ. ನಮ್ಮ ಧಾರವಾಡ ಕಡೆ ಈಗ ಎಲ್ಲರಿಗೂ ಮೊಬೈಲ್‌ನಲ್ಲಿ ಎರಡೇ ಕೆಲಸ. ಮಳೆ ನೋಡುವುದು, ರೇಟು ನೋಡುವುದು. ಎರಡರಿಂದಲೂ ಸಮಾಧಾನವಿಲ್ಲ ಬಿಡಿ.

ಗೋವಿನಜೋಳದ, ಅಂದರೆ ಮೆಕ್ಕೆಜೋಳದ ಚಿಂತೆ ಅಷ್ಟಿಲ್ಲ. ತೆನೆ ಬಲಿತರೂ ಸಿಪ್ಪೆಯೊಳಗೆ ಕೆಲವು ದಿನ ದಂಟಿನ ಮೇಲೇ ಇರುತ್ತದೆ. ಗಾಳಿಗೆ ಬೀಳದಿದ್ದರೆ ಸಾಕು. ಸೋಯಾ ಹಾಗಲ್ಲ. ಗಿಡ ಅಲುಗಾಡಿಸಿದರೆ ಕಾಯಿಯೊಳಗೆ ಕಾಳು ಗಲಗಲ ಅನ್ನಬೇಕು, ಆಗಲೇ ಕೊಯ್ಯಬೇಕು. ತಡವಾಗಿ ಬಿಸಿಲು ಜಾಸ್ತಿ ಬಿತ್ತೋ, ಕಾಯಿ ಪಟಪಟ ಸಿಡಿದು ಕಾಳೆಲ್ಲ ನೆಲದ ಪಾಲು. ಕೊಯ್ದು ಗೂಡು (ಬಣವೆ) ಹಾಕಿದ ಮೇಲೆ ಮಳೆ ಬಂತೋ, ಕಾಳು ಕಪ್ಪಾಗುತ್ತದೆ, ಮೊಳಕೆಯೂ ಒಡೆಯುತ್ತದೆ.

2025-26ಕ್ಕೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ ಸೋಯಾಬೀನ್‌ಗೆ 5,328 ರೂಪಾಯಿ, ಗೋವಿನಜೋಳಕ್ಕೆ 2,400. ಕಾಗದದ ಮೇಲೆ ಚೆಂದ. ಆದರೆ ಖರೀದಿ ಕೇಂದ್ರಕ್ಕೆ ಸೋಯಾ ಒಯ್ದರೆ ತೇವಾಂಶ ಶೇ. 12ರೊಳಗೆ ಇರಬೇಕು. ಮೋಡ ಮುಚ್ಚಿದ ದಿನಗಳಲ್ಲಿ ಅಷ್ಟು ಒಣಗಿಸುವುದು ಎಲ್ಲಿ? ಹಸಿ ಮಾಲು ಅಂತ ದಲಾಲಿ ಅಂಗಡಿಯಲ್ಲೂ ರೇಟು ಮುರಿಯುತ್ತಾರೆ. ಇಟ್ಟು ಮಾರೋಣ ಅಂದರೆ ಗೊಬ್ಬರದ ಅಂಗಡಿ ಬಾಕಿ ಸುಮ್ನೆ ಇರುತ್ತದಾ? ಮಳೆಗಿಂತ ಈ ಬಾಕಿಯೇ ಎಷ್ಟೋ ಮಂದಿಯ ರಾಶಿಯ (ಒಕ್ಕಣೆಯ) ದಿನ ನಿಗದಿ ಮಾಡುತ್ತದೆ ಅನಿಸುತ್ತದೆ.

ಅಣ್ಣ ನಾಳೆ ಕೊಯ್ಯೋಣ ಅಂದಿದ್ದಾನೆ, ಆಳು ಸಿಕ್ಕರೆ. ಊರಲ್ಲಿ ಯಾರ ಹತ್ತಿರ ಗೂಡು ಮುಚ್ಚೋಕೆ ದೊಡ್ಡ ತಾಡಪತ್ರಿ ಖಾಲಿ ಇದೆ, ಹೇಳ್ರಪ್ಪ.